ಹಾಡಿನ ಕೊನೆಯಲ್ಲೊಂದು ಹೆಸರು: ಗ್ರಾಮಫೋನ್ ತಟ್ಟೆಯಿಂದ ಮೊಬೈಲಿನವರೆಗೆ

ನಮ್ಮ ಪ್ರೌಢಶಾಲೆ 50 ವರ್ಷ ಪೂರೈಸಿದೆ. ಈ 50 ವರ್ಷಗಳಲ್ಲಿ ನಮ್ಮೂರಿನಲ್ಲಿ ಬದಲಾದ ಸಂಗತಿಗಳನ್ನು ಪಟ್ಟಿ ಮಾಡಿದರೆ ರಸ್ತೆ, ಬಸ್ಸು, ಕರೆಂಟು, ಬೆಳೆ ಎಲ್ಲವೂ ಬರುತ್ತವೆ. ಆ ಪಟ್ಟಿಗೆ ಸಾಮಾನ್ಯವಾಗಿ ಸೇರದ ಒಂದು ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ಅದು ಹಾಡು. ಹಾಡು ನಮ್ಮ ಕಿವಿಗೆ ಬರುವ ದಾರಿ ಹೇಗೆ ಬದಲಾಯಿತು, ಆ ದಾರಿಯಲ್ಲಿ ಹಣ ಯಾರ ಕೈಗೆ ಹೋಯಿತು, ಹಾಡಿದವರ ಮತ್ತು ಬರೆದವರ ಹೆಸರು ಏನಾಯಿತು ಎಂಬುದು ಈ ಲೇಖನದ ವಿಷಯ. ನಾನು ಸಂಗೀತಗಾರನಲ್ಲ, ಸಾಫ್ಟ್‌ವೇರ್ ಕೆಲಸದವನು. ಆದರೆ ಕಳೆದ 30 ವರ್ಷಗಳ ಸಂಗೀತದ ಇತಿಹಾಸದಲ್ಲಿ ಅರ್ಧ ಭಾಗ ನಮ್ಮ ಕಸುಬಿನವರೇ ಬರೆದದ್ದು. ಆದ್ದರಿಂದ ಒಳಗಿನಿಂದ ಕಂಡಂತೆ ಹೇಳಲು ಯತ್ನಿಸುತ್ತೇನೆ.

ತಟ್ಟೆಯ ಕಾಲ

ಅಮೆರಿಕದ ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದ. ಹತ್ತು ವರ್ಷಗಳ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನಿಗೆ ಪೇಟೆಂಟ್ ಪಡೆದ. ಒಂದು ಅಚ್ಚಿನಿಂದ ಸಾವಿರಾರು ತಟ್ಟೆ ಒತ್ತಬಹುದಾದ್ದರಿಂದ ಹಾಡು ಅಂಗಡಿಯಲ್ಲಿ ಮಾರುವ ಸರಕಾಯಿತು.

ಭಾರತದಲ್ಲಿ ಹಾಡು ಮುದ್ರಿಸಿಕೊಳ್ಳಲು ಬಂದವನು ಫ್ರೆಡ್ ಗೈಸ್‌ಬರ್ಗ್. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅವನು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡ. ಗಂಟೆಗಟ್ಟಲೆ ಹಾಡುವ ರಾಗವನ್ನು ಆಕೆ ಸುಮಾರು ಮೂರು ನಿಮಿಷಕ್ಕೆ ಇಳಿಸಿ ಹಾಡಿದರು. ಹಾಡು ಮುಗಿಯುತ್ತಿದ್ದಂತೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿದರು. ಇದು ಜಂಬಕ್ಕೆ ಹೇಳಿದ್ದಲ್ಲ. ಅಚ್ಚು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕಿತ್ತು, ತಟ್ಟೆ ಒತ್ತುತ್ತಿದ್ದುದು ಅಲ್ಲಿ. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆ ಬಾರದು. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ಅವರಿಗೆ ತಿಳಿಯಬೇಕಾದರೆ ಹಾಡಿದವರೇ ಹೆಸರು ಹೇಳಬೇಕಿತ್ತು.

ಈ ಗೌಹರ್ ಜಾನ್ ಅವರಿಗೂ ನಮ್ಮ ನಾಡಿಗೂ ನಂಟಿದೆ. ಕೊನೆಗಾಲದಲ್ಲಿ, 1928ರಲ್ಲಿ, ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಅರಮನೆಯ ಕಲಾವಿದೆಯಾದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದ ಅವರ ತಟ್ಟೆಗಳು ನೂರಾರು. ಇಂದಿಗೂ ಅವನ್ನು ಕೇಳಿದವರಿಗೆ, ಇದು ಯಾರ ದನಿ ಎಂದು ಯಾವ ಪಂಡಿತರನ್ನೂ ಕೇಳಬೇಕಾಗಿಲ್ಲ. ತಟ್ಟೆಯೇ ಹೇಳುತ್ತದೆ. ಹಾಡಿನ ಕೊನೆಯ ಆ ಒಂದು ಹೆಸರನ್ನು ಓದುಗರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ರೇಡಿಯೋ ಕಲಿಸಿದ ಪಾಠ

ನಮ್ಮ ಶಾಲೆ ಆರಂಭವಾದ ಎಪ್ಪತ್ತರ ದಶಕದಲ್ಲಿ ಹಳ್ಳಿಯವರಿಗೆ ಹಾಡು ಎಂದರೆ ಮದುವೆ, ಜಾತ್ರೆಗಳ ಮೈಕ್‌ಸೆಟ್ಟಿನ ತಟ್ಟೆ, ಇಲ್ಲವೇ ರೇಡಿಯೋ. ನಮ್ಮ ಹಿರಿಯರಿಗೆ ಆಕಾಶವಾಣಿಯ ಪದ್ಧತಿ ಚೆನ್ನಾಗಿ ನೆನಪಿರುತ್ತದೆ. ಹಾಡಿನ ಹಿಂದೆಯೋ ಮುಂದೆಯೋ ಉದ್ಘೋಷಕರು ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳುತ್ತಿದ್ದರು. ಒಂದು ಪುಸ್ತಕವನ್ನೂ ಓದದವರು ಕೂಡ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ರಾಜನ್-ನಾಗೇಂದ್ರ, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಎಂದು ಹೆಸರು ಹಿಡಿದು ಮಾತಾಡುತ್ತಿದ್ದುದು ರೇಡಿಯೋದ ಈ ಪಾಠದಿಂದಲೇ.

ಹೆಸರು ಸಿಕ್ಕಿತು ಸರಿ, ಹಣ ಸಿಕ್ಕಿತೇ? ಬಹುಮಟ್ಟಿಗೆ ಇಲ್ಲ. ಹಣ ಕೊಟ್ಟು ಹಾಡು ಬರೆಸಿದ, ರಾಗ ಹಾಕಿಸಿದ ಚಿತ್ರ ನಿರ್ಮಾಪಕನೇ, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಹಾಡಿನ ಮೊದಲ ಒಡೆಯ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪು ನೀಡಿತು. ಬರೆದವರಿಗೆ ಒಮ್ಮೆ ಕೊಟ್ಟ ಸಂಭಾವನೆಯೇ ಕೊನೆ. ಆಮೇಲೆ ಆ ಹಾಡು ಎಷ್ಟು ಸಾವಿರ ತಟ್ಟೆಯಾಗಿ ಮಾರಿದರೂ ಅವರ ಮನೆಗೆ ಏನೂ ಬಾರದು.

ಕ್ಯಾಸೆಟ್ ತಂದ ಸ್ವರಾಜ್ಯ

ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ಹೊರತಂದಿತು. ಭಾರತದಲ್ಲಿ ಅದರ ನಿಜವಾದ ಕಾಲ ಎಂಬತ್ತರ ದಶಕ. ಅಲ್ಲಿಯವರೆಗೆ ಧ್ವನಿಮುದ್ರಣ ಹೆಚ್ಚುಕಡಿಮೆ ಎಚ್‌ಎಂವಿ ಎಂಬ ಒಂದೇ ಸಂಸ್ಥೆಯ ಕೈಯಲ್ಲಿತ್ತು. ತಟ್ಟೆ ಒತ್ತಲು ದೊಡ್ಡ ಕಾರ್ಖಾನೆ ಬೇಕು, ಕ್ಯಾಸೆಟ್ ನಕಲು ಮಾಡಲು ಒಂದು ಕೋಣೆ ಸಾಕು. ದೆಹಲಿಯಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಬೆಳೆಯಿತು. ನಮ್ಮಲ್ಲಿ ಸಂಗೀತಾ, ಲಹರಿ ಮುಂತಾದ ಸಂಸ್ಥೆಗಳ ಕ್ಯಾಸೆಟ್‌ಗಳು ಊರೂರಿಗೆ ಬಂದವು. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದು ಹೆಸರಾದ, ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದಿತು. ಸಿನಿಮಾಕ್ಕೆ ಬಾರದ ಕವಿಯೂ, ತತ್ವಪದ, ಲಾವಣಿ, ಮಾದಪ್ಪನ ಪದ ಹಾಡುವವರೂ ಕ್ಯಾಸೆಟ್ಟಿನಿಂದಾಗಿ ಅಂಗಡಿಯ ಕಪಾಟಿಗೆ ಬಂದರು.

ಇದರ ಇನ್ನೊಂದು ಮುಖ ಕಳ್ಳ ಕ್ಯಾಸೆಟ್. ಖಾಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡು ತುಂಬಿಸಿ ಕೊಡುವ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇದ್ದವು. ಆದರೂ ಒಂದು ಮಾತು ನಿಜ. ಅಸಲಿ ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಿಸಿಟ್ಟ ಕಾಗದದಲ್ಲಿ ಹಾಡಿನ ಹೆಸರು, ಕವಿ, ಗಾಯಕರು ಎಲ್ಲ ಇರುತ್ತಿತ್ತು. ಹಾಡೂ ಹೆಸರೂ ಒಂದೇ ಡಬ್ಬಿಯಲ್ಲಿ ಪ್ರಯಾಣ ಮಾಡುತ್ತಿದ್ದವು.

ಹಾಡು ಅಂಕಿಯಾಯಿತು

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಸಿ.ಡಿ. ಮಾರುಕಟ್ಟೆಗೆ ತಂದವು. ಇಲ್ಲಿಂದ ಕಥೆಯೇ ಬೇರೆ. ತಟ್ಟೆಯಲ್ಲಿ ದನಿ ಗೀರಿನ ರೂಪದಲ್ಲಿತ್ತು, ಕ್ಯಾಸೆಟ್ಟಿನಲ್ಲಿ ಕಾಂತದ ರೂಪದಲ್ಲಿತ್ತು. ಸಿ.ಡಿ.ಯಲ್ಲಿ ದನಿ ಬರೀ ಸಂಖ್ಯೆ. ಒಂದು ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು, ಎಡಗಿವಿಗೊಂದು ಬಲಗಿವಿಗೊಂದು ಎಂದು ಬರೆದಿಡುತ್ತಾರೆ. ನಾಲ್ಕು ನಿಮಿಷದ ಹಾಡು ಹೀಗೆ ಸುಮಾರು 42 ಮೆಗಾಬೈಟ್ ಆಗುತ್ತದೆ. ಸಂಖ್ಯೆಯನ್ನು ಎಷ್ಟು ಸಲ ನಕಲು ಮಾಡಿದರೂ ಸವೆಯುವುದಿಲ್ಲ. ನೂರನೆಯ ನಕಲೂ ಅಸಲಿಯೇ. ಸಂಗೀತ ಕಂಪನಿಗಳು ಇದನ್ನು ಅನುಕೂಲವೆಂದುಕೊಂಡವು, ಅದರೊಳಗಿದ್ದ ಅಪಾಯ ಹದಿನೈದಿಪ್ಪತ್ತು ವರ್ಷಗಳ ನಂತರ ಕಂಡಿತು.

ಆ ಅಪಾಯದ ಹೆಸರು ಎಂಪಿ3. ಜರ್ಮನಿಯ ಎರ್ಲಾಂಗನ್ ಊರಿನ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡನ್‌ಬರ್ಗ್ ಮತ್ತು ಸಂಗಡಿಗರು ಒಂದು ಸರಳ ಸತ್ಯದ ಬೆನ್ನು ಹತ್ತಿದ್ದರು. ಜಾತ್ರೆಯಲ್ಲಿ ತಮಟೆ ಬಡಿಯುವಾಗ ಪಕ್ಕದವರ ಪಿಸುಮಾತು ನಮಗೆ ಕೇಳಿಸುವುದಿಲ್ಲ. ಹಾಡಿನಲ್ಲೂ ಹಾಗೆಯೇ, ದೊಡ್ಡ ದನಿ ಹತ್ತಿರದ ಸಣ್ಣ ದನಿಯನ್ನು ಮುಚ್ಚುತ್ತದೆ. ಕಿವಿಗೆ ಹೇಗೂ ಕೇಳದ್ದನ್ನು ಬರೆದಿಡುವುದೇಕೆ? ಅದನ್ನು ತೆಗೆದುಹಾಕಿದರೆ 42 ಮೆಗಾಬೈಟಿನ ಹಾಡು ನಾಲ್ಕು ಮೆಗಾಬೈಟಿನೊಳಗೆ ಬರುತ್ತದೆ. ತೊಂಬತ್ತರ ದಶಕದ ನಡುವಿನಲ್ಲಿ ಟೆಲಿಫೋನ್ ತಂತಿಯ ಇಂಟರ್‌ನೆಟ್ಟಿನಲ್ಲಿ ಸಿ.ಡಿ.ಯ ಒಂದು ಹಾಡು ಇಳಿಸಲು ಮೂರು ಗಂಟೆಗೂ ಹೆಚ್ಚು ಬೇಕಿತ್ತು. ಎಂಪಿ3 ಹಾಡಿಗೆ ಹದಿನೆಂಟು ನಿಮಿಷ ಸಾಕು. 1995ರ ಜುಲೈನಲ್ಲಿ ಈ ಕಡತಗಳಿಗೆ ಎಂಪಿ3 ಎಂಬ ಬಾಲ ಅಂಟಿತು.

1999ರ ಜೂನ್ ತಿಂಗಳಲ್ಲಿ ಶಾನ್ ಫಾನಿಂಗ್ ಎಂಬ 18ರ ಹುಡುಗ ನ್ಯಾಪ್‌ಸ್ಟರ್ ಎಂಬ ತಂತ್ರಾಂಶ ಬಿಟ್ಟ. ನ್ಯಾಪ್‌ಸ್ಟರ್ ಒಂದು ಹಾಡನ್ನೂ ತನ್ನ ಬಳಿ ಇಟ್ಟುಕೊಂಡಿರಲಿಲ್ಲ. ಯಾರ ಕಂಪ್ಯೂಟರಿನಲ್ಲಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ಅದರದು, ಹಾಡು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನೇರವಾಗಿ ಹೋಗುತ್ತಿತ್ತು. ಅದೇ ಡಿಸೆಂಬರಿನಲ್ಲಿ ಧ್ವನಿಮುದ್ರಣ ಕಂಪನಿಗಳು ಕೋರ್ಟಿಗೆ ಹೋದವು. 2001ರ ಜುಲೈನಲ್ಲಿ ನ್ಯಾಪ್‌ಸ್ಟರ್ ಸ್ಥಗಿತವಾಯಿತು. ಆದರೆ ಬಾಟಲಿಯಿಂದ ಹೊರಬಂದ ನೀರು ಮತ್ತೆ ಒಳಗೆ ಹೋಗಲಿಲ್ಲ. 1999ರಿಂದ 2014ರವರೆಗೆ ಪ್ರಪಂಚದ ಧ್ವನಿಮುದ್ರಿತ ಸಂಗೀತದ ವರಮಾನ ಸುಮಾರು ಶೇ. 40ರಷ್ಟು ಕುಸಿಯಿತು. ಅಮೆರಿಕದ ಹೆಸರಾಂತ ಟವರ್ ರೆಕಾರ್ಡ್ಸ್ ಅಂಗಡಿಗಳು 2006ರಲ್ಲಿ ಬಾಗಿಲು ಹಾಕಿದವು. ನಮ್ಮ ಬಸ್ ನಿಲ್ದಾಣಗಳ ಕ್ಯಾಸೆಟ್ ಅಂಗಡಿಗಳು ಮೊಬೈಲ್ ಕರೆನ್ಸಿ ಅಂಗಡಿಗಳಾದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ.

128 ಬೈಟಿನ ಕಥೆ

ಈ ಅವಧಿಯಲ್ಲಿ ಯಾರೂ ಹೆಚ್ಚು ಗಮನಿಸದ ಒಂದು ಸಂಗತಿ ನಡೆಯಿತು. ಹಾಡು ಡಬ್ಬಿಯಿಂದ ಹೊರಬಂದಾಗ ಹೆಸರಿನ ಕಾಗದ ಡಬ್ಬಿಯಲ್ಲೇ ಉಳಿಯಿತು. ಆರಂಭದ ಸಿ.ಡಿ.ಗಳಲ್ಲೂ ಹಾಡಿನ ಹೆಸರು ಮೇಲಿನ ಕಾಗದದ ಮೇಲಿತ್ತೇ ಹೊರತು ತಟ್ಟೆಯ ಒಳಗಿರಲಿಲ್ಲ. ಎಂಪಿ3 ಕಡತದಲ್ಲೂ ಮೊದಲು ಹೆಸರಿಗೆ ಜಾಗವಿರಲಿಲ್ಲ.

1996ರಲ್ಲಿ ಎರಿಕ್ ಕೆಂಪ್ ಎಂಬಾತ ಇದಕ್ಕೊಂದು ಉಪಾಯ ಮಾಡಿದ. ಕಡತದ ಕಟ್ಟಕಡೆಗೆ 128 ಬೈಟಿನ ಒಂದು ಚೀಟಿ ಸೇರಿಸಿದ. ಅದರಲ್ಲಿ ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30. ಇದರ ಹೆಸರು ಐಡಿ3. ಗೌಹರ್ ಜಾನ್ ತಟ್ಟೆಯ ಕೊನೆಯಲ್ಲಿ ಹೇಳಿದ ಹೆಸರನ್ನು ಈಗ ಕಡತದ ಕೊನೆಯಲ್ಲಿ ಬರೆದಂತಾಯಿತು. ಉಪಾಯ ಒಳ್ಳೆಯದೇ. ಆದರೆ ಆ ಚೀಟಿಯಲ್ಲಿ ಸಾಹಿತ್ಯ ಬರೆದವರಿಗೆ ಕಾಲಂ ಇರಲಿಲ್ಲ, ರಾಗ ಸಂಯೋಜಕರಿಗೂ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಲಿಪಿ ಬಿಟ್ಟು ಬೇರೆ ಲಿಪಿಗೆ ಎಡೆಯೂ ಇರಲಿಲ್ಲ. ಮೈಸೂರು ಅನಂತಸ್ವಾಮಿ ಎಂಬ ಹೆಸರನ್ನು ಇಂದಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದಲ್ಲಿ ಬರೆದರೆ 49 ಬೈಟ್ ಬೇಕು. ಚೀಟಿಯಲ್ಲಿದ್ದದ್ದು 30.

1998ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಎಲ್ಲ ಲಿಪಿಗಳಿಗೂ, ಸಾಹಿತಿಗೂ, ಸಂಯೋಜಕರಿಗೂ ಜಾಗ ಮಾಡಿದರು. ಅಷ್ಟರಲ್ಲಿ ಅಭ್ಯಾಸ ಬೇರೂರಿತ್ತು. ನನ್ನ ಓರಗೆಯವರಿಗೆ ನೆನಪಿರಬಹುದು, ಮೊಬೈಲ್ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬಾ ಹಾಡು ತುಂಬಿಸಿ ಕೊಡುತ್ತಿದ್ದರು. ಆ ಹಾಡು ಹಾಕಿದಾಗ ಕಲಾವಿದರ ಹೆಸರು ಬರಬೇಕಾದ ಕಡೆ, ಆ ಹಾಡನ್ನು ಕದ್ದು ಹಂಚಿದ ಜಾಲತಾಣದ ಹೆಸರು ಬರುತ್ತಿತ್ತು. ಬರೆದವರು, ಹಾಡಿದವರು ಕಾಣೆ, ಕದ್ದವರ ಹೆಸರು ಮಾತ್ರ ಹಾಜರು.

ಬಾಡಿಗೆಯ ಹಾಡು

ಆಪಲ್ ಕಂಪನಿ 2003ರ ಏಪ್ರಿಲಿನಲ್ಲಿ ಐಟ್ಯೂನ್ಸ್ ಅಂಗಡಿ ತೆರೆದು ಒಂದು ಹಾಡಿಗೆ 99 ಸೆಂಟ್ ಬೆಲೆ ಕಟ್ಟಿತು. ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡು ಮಾರಿದವು. ಜನ ಕದಿಯಲೆಂದೇ ಕದಿಯುತ್ತಿರಲಿಲ್ಲ, ಸುಲಭವಾಗಿ ಸಿಗುವ ದಾರಿ ಕೇಳುತ್ತಿದ್ದರು ಎಂಬುದು ಇದರಿಂದ ತಿಳಿಯಿತು. 2005ರಲ್ಲಿ ಯೂಟ್ಯೂಬ್ ಬಂತು. 2008ರಲ್ಲಿ ಸ್ವೀಡನ್ನಿನ ಸ್ಪಾಟಿಫೈ, ಹಾಡನ್ನು ಮಾರುವುದೇ ಬೇಡ, ತಿಂಗಳ ಬಾಡಿಗೆಗೆ ಎಲ್ಲ ಹಾಡನ್ನೂ ಕೇಳಿಸೋಣ ಎಂದಿತು. ನಮ್ಮಲ್ಲಿ ಸಾವನ್, ಗಾನಾ ಶುರುವಾದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹೊಲದ ಬದುವಿನ ಮೇಲೂ ಪ್ರಪಂಚದ ಹಾಡು ಸಿಗತೊಡಗಿತು.

ಉದ್ಯಮ ಚೇತರಿಸಿಕೊಂಡಿತು. ಧ್ವನಿಮುದ್ರಣ ಕಂಪನಿಗಳ ಅಂತಾರಾಷ್ಟ್ರೀಯ ಒಕ್ಕೂಟ ಐಎಫ್‌ಪಿಐ ಪ್ರಕಾರ 2024ರಲ್ಲಿ ಪ್ರಪಂಚದ ಧ್ವನಿಮುದ್ರಿತ ಸಂಗೀತದ ವರಮಾನ 2,960 ಕೋಟಿ ಡಾಲರ್. ಅದರಲ್ಲಿ ಶೇ. 69 ಭಾಗ ಸ್ಟ್ರೀಮಿಂಗಿನಿಂದ ಬಂದದ್ದು. ಹಣ ಕೊಟ್ಟು ಕೇಳುವ ಚಂದಾದಾರರು 75 ಕೋಟಿಗೂ ಹೆಚ್ಚು.

ಈ ಹಣ ಹಂಚುವ ಬಗೆಯನ್ನು ನಮ್ಮ ಹಾಲಿನ ಡೇರಿಗೆ ಹೋಲಿಸಿದರೆ ಅರ್ಥವಾಗುತ್ತದೆ. ಊರಿನ ಹಾಲೆಲ್ಲ ಒಂದೇ ಕ್ಯಾನಿಗೆ ಬೀಳುತ್ತದೆ. ಯಾರ ಹಾಲೆಷ್ಟು ಎಂದು ಹೇಳುವುದು ಸದಸ್ಯರ ಸಂಖ್ಯೆ ಮತ್ತು ಪುಸ್ತಕದ ಲೆಕ್ಕ. ಸ್ಟ್ರೀಮಿಂಗಿನಲ್ಲೂ ಚಂದಾ ಹಣವೆಲ್ಲ ಒಂದೇ ಗಂಟಿಗೆ ಸೇರಿ, ಯಾರ ಹಾಡು ಒಟ್ಟು ಎಷ್ಟು ಸಲ ಕೇಳಲ್ಪಟ್ಟಿತು ಎಂಬ ಲೆಕ್ಕದ ಮೇಲೆ ಪಾಲಾಗುತ್ತದೆ. ವ್ಯತ್ಯಾಸ ಎರಡು. ಮೊದಲನೆಯದು, ಡೇರಿಯಲ್ಲಿ ಲೀಟರಿಗೆ ಇಷ್ಟು ಎಂಬ ದರ ಮೊದಲೇ ಗೊತ್ತು, ಇಲ್ಲಿ ದರ ಗೊತ್ತಿಲ್ಲ, ಗಂಟಿನ ಗಾತ್ರದ ಮೇಲೆ ಅದು ಏರಿಳಿಯುತ್ತದೆ. ನೀವು ತಿಂಗಳಿಡೀ ಒಬ್ಬರೇ ತತ್ವಪದಕಾರರನ್ನು ಕೇಳಿದರೂ ನಿಮ್ಮ ಚಂದಾ ಅವರಿಗೇ ಹೋಗುವುದಿಲ್ಲ, ದೊಡ್ಡ ಗಂಟಿಗೆ ಸೇರಿ, ಅದರಲ್ಲಿ ಅವರ ಪಾಲಿನಷ್ಟು ಮಾತ್ರ ಅವರಿಗೆ ಬರುತ್ತದೆ. ಎರಡನೆಯದು, ಡೇರಿಯಲ್ಲಿ ಅರ್ಧ ಲೀಟರ್ ಹಾಕಿದವರಿಗೂ ಬಿಲ್ ಆಗುತ್ತದೆ. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿನ ಧ್ವನಿಮುದ್ರಣಕ್ಕೆ ಪಾಲೇ ಇಲ್ಲ.

ಪುಸ್ತಕದಲ್ಲಿ ಹೆಸರಿಲ್ಲದವರ ಗತಿ? ಅಮೆರಿಕದಲ್ಲಿ 2018ರ ಹೊಸ ಕಾಯ್ದೆಯಂತೆ ಸಾಹಿತಿ, ಸಂಯೋಜಕರ ಹಣ ಹಂಚಲು ಒಂದು ಸಂಸ್ಥೆಯಾಯಿತು. 2021ರ ಫೆಬ್ರವರಿಯಲ್ಲಿ ಸ್ಟ್ರೀಮಿಂಗ್ ಕಂಪನಿಗಳು, ಯಾರಿಗೆ ಕೊಡಬೇಕೆಂದು ತಿಳಿಯದೆ ತಮ್ಮಲ್ಲೇ ಉಳಿದಿದ್ದ ಹಣವನ್ನು ಅದಕ್ಕೆ ಒಪ್ಪಿಸಿದವು. ಮೊತ್ತ 42.4 ಕೋಟಿ ಡಾಲರ್. ಹಾಡು ಕೇಳಿದವರಿದ್ದರು, ಹಣ ಬಂದಿತ್ತು, ಬರೆದವರ ಹೆಸರು ಹೊಂದಾಣಿಕೆಯಾಗದೆ ನಿಂತಿತ್ತು. ಪ್ರಪಂಚದಲ್ಲೇ ಮುಂದುವರಿದ ದೇಶವೊಂದರ ಕಥೆ ಇದು.

ನಮ್ಮ ದೇಶದ ಕಾಯ್ದೆ

ಭಾರತದಲ್ಲಿ ಬದಲಾವಣೆ ಬಂದದ್ದು 2012ರಲ್ಲಿ. ಕವಿ ಜಾವೇದ್ ಅಖ್ತರ್ ರಾಜ್ಯಸಭಾ ಸದಸ್ಯರಾಗಿ ಇದಕ್ಕಾಗಿ ದನಿಯೆತ್ತಿದರು. ಆ ವರ್ಷದ ಜೂನ್ 21ರಿಂದ ಜಾರಿಗೆ ಬಂದ ಹಕ್ಕುಸ್ವಾಮ್ಯ ತಿದ್ದುಪಡಿಯ ಪ್ರಕಾರ, ಚಿತ್ರಗೀತೆ ಬರೆದವರೂ ರಾಗ ಹಾಕಿದವರೂ ಹಾಡನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ, ಚಿತ್ರಮಂದಿರದಲ್ಲಿ ಸಿನಿಮಾದೊಂದಿಗೆ ತೋರಿಸುವುದನ್ನು ಬಿಟ್ಟು ಉಳಿದ ಬಳಕೆಗಳಿಗೆ ಸಮಪಾಲು ರಾಯಲ್ಟಿ ಪಡೆಯುವ ಹಕ್ಕು ಅವರಲ್ಲೇ ಉಳಿಯುತ್ತದೆ. ಅದನ್ನು ಅವರ ವಾರಸುದಾರರಿಗೋ ಹಕ್ಕುಸ್ವಾಮ್ಯ ಸಂಘಕ್ಕೋ ಅಲ್ಲದೆ ಬೇರೆಯವರಿಗೆ ಬಿಟ್ಟುಕೊಡಲು ಬರುವುದಿಲ್ಲ. ಸಾಹಿತಿ, ಸಂಯೋಜಕರ ಪರವಾಗಿ ಹಣ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆ 2017ರಲ್ಲಿ ಹೊಸ ಕಾಯ್ದೆಯಡಿ ಮರುನೋಂದಣಿಯಾಯಿತು. ಗಾಯಕರು 2013ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. 1977ರಲ್ಲಿ ಕಳೆದದ್ದು 35 ವರ್ಷಗಳ ನಂತರ ಒಂದಿಷ್ಟು ಮರಳಿ ಬಂತು.

ಆದರೆ ಕಾಯ್ದೆ ಕೊಡುವುದು ಹಕ್ಕನ್ನು. ಹಣ ತಲುಪಬೇಕಾದರೆ ಹೆಸರು, ನೋಂದಣಿ, ಹಾಡಿಗೊಂದು ಸಂಖ್ಯೆ ಬೇಕು. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರಗಳ ಅಂತಾರಾಷ್ಟ್ರೀಯ ಸಂಕೇತವಿದೆ. ಹಾಲು ಹಾಕುವವರ ಸದಸ್ಯ ಸಂಖ್ಯೆ ಇದ್ದ ಹಾಗೆ. ಪಟ್ಟಣದ ಕಂಪನಿಗಳಿಗೆ ಇದು ದಿನನಿತ್ಯದ ಕೆಲಸ. ನಮ್ಮ ಕಡೆಯ ಸೋಬಾನೆಯವರಿಗೆ, ಭಜನೆ ಮೇಳದವರಿಗೆ ಇದರ ಹೆಸರೇ ಗೊತ್ತಿಲ್ಲ. ಯಾರೋ ಬಂದು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಾರೆ, ತಮ್ಮ ಚಾನೆಲ್ಲಿನಲ್ಲಿ ಹಾಕುತ್ತಾರೆ, ಕೆಳಗೆ ‘ಹಳ್ಳಿ ಹಾಡು’ ಎಂದು ಬರೆಯುತ್ತಾರೆ. ಹಾಡಿದ ಅಜ್ಜಿಯ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ. ಜನಪದ ಹಾಡನ್ನು ಕಟ್ಟಿದವರು ಯಾರೆಂದು ತಿಳಿಯದಿರಬಹುದು. ಇವತ್ತು ಹಾಡಿದವರು ಯಾರೆಂಬುದು ಖಂಡಿತ ತಿಳಿದಿರುತ್ತದೆ.

ಈಗ ಕೃತಕ ಬುದ್ಧಿಮತ್ತೆಯ ಸರದಿ. ನಾಲ್ಕು ಮಾತು ಟೈಪು ಮಾಡಿದರೆ ರಾಗ, ವಾದ್ಯ, ದನಿ ಸಮೇತ ಹಾಡು ಕಟ್ಟಿಕೊಡುವ ತಂತ್ರಾಂಶಗಳು ಬಂದಿವೆ. ನಮ್ಮ ಧ್ವನಿಮುದ್ರಣಗಳನ್ನು ಕೇಳದೆಯೇ ಕಲಿಕೆಗೆ ಬಳಸಿಕೊಂಡಿದ್ದಾರೆ ಎಂದು ದೊಡ್ಡ ಕಂಪನಿಗಳು 2024ರ ಜೂನಿನಲ್ಲಿ ಅಮೆರಿಕದಲ್ಲಿ ಸುನೋ ಮತ್ತು ಉಡಿಯೋ ಎಂಬ ಎರಡು ಸಂಸ್ಥೆಗಳ ಮೇಲೆ ದಾವೆ ಹೂಡಿದವು. ನಮ್ಮದು ಎಂದು ತೋರಿಸಲು ಅವರ ಬಳಿ ದಾಖಲೆಯಿತ್ತು, ಅದಕ್ಕೇ ಕೋರ್ಟಿಗೆ ಹೋಗಲು ಆಯಿತು. ಹೆಸರಿಲ್ಲದೆ ಜಾಲದಲ್ಲಿ ಅಲೆಯುವ ಹಾಡಿನ ಪರವಾಗಿ ಯಾರು ಹೋಗುತ್ತಾರೆ?

ಶಾಲೆಯಿಂದ ಆಗಬಹುದಾದ ಕೆಲಸ

ಆದ್ದರಿಂದ ಸುವರ್ಣ ಮಹೋತ್ಸವದ ಈ ವರ್ಷದಲ್ಲಿ ನನ್ನದೊಂದು ವಿನಂತಿ. ಈಗ ಓದುತ್ತಿರುವ ಮಕ್ಕಳು ತಮ್ಮ ಮನೆಯ, ಕೇರಿಯ ಹಿರಿಯರ ಹಾಡುಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲಿ. ಮೊದಲು ಅವರ ಒಪ್ಪಿಗೆ ಕೇಳಲಿ. ಹಾಡು ಮುಗಿದ ಮೇಲೆ ಹಾಡಿದವರ ಬಾಯಿಂದಲೇ ನಾಲ್ಕು ಸಂಗತಿ ಹೇಳಿಸಲಿ: ತಮ್ಮ ಹೆಸರು, ಊರು, ಈ ಹಾಡನ್ನು ಯಾರಿಂದ ಕಲಿತದ್ದು, ಇವತ್ತಿನ ತಾರೀಖು. ಬರೆದಿಟ್ಟ ಚೀಟಿ ಕಳೆದುಹೋಗಬಹುದು, ಕಡತದ ಹೆಸರನ್ನು ಯಾರಾದರೂ ಬದಲಿಸಬಹುದು. ಹಾಡಿನೊಳಗೇ ಸೇರಿದ ದನಿಯನ್ನು ಕತ್ತರಿಸಿ ತೆಗೆಯದ ಹೊರತು ಅದು ಹೋಗುವುದಿಲ್ಲ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ ಹಾಕಿ ಕನ್ನಡದಲ್ಲಿ ಪಟ್ಟಿ ಬರೆಯಲಿ. ಅವನ್ನು ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಹೊರಗೆ ಎರಡು ಪ್ರತಿ ಇಡುವ ವ್ಯವಸ್ಥೆಯನ್ನು ನನ್ನಂಥ ಹಳೆಯ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ಯಾವುದನ್ನು ಜಾಲಕ್ಕೆ ಹಾಕಬೇಕು, ಹಾಕಬಾರದು ಎಂಬುದನ್ನು ಹಾಡಿದವರೇ ತೀರ್ಮಾನಿಸಲಿ.

ಇದರಿಂದ ನಾಳೆಯೇ ಯಾರಿಗೂ ದುಡ್ಡು ಬರುವುದಿಲ್ಲ. ಆದರೆ ಮುಂದೆ ಎಂದಾದರೂ ಲೆಕ್ಕದ ಪುಸ್ತಕ ತೆರೆದಾಗ, ನಮ್ಮ ಊರಿನವರ ಹೆಸರು ಅದರಲ್ಲಿ ಇರಬೇಕಾದರೆ ಇವತ್ತು ಯಾರಾದರೂ ಅದನ್ನು ಬರೆದಿರಬೇಕು. 50 ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು, ಒಂದು ಹೆಸರನ್ನೂ ಬಿಡದೆ ಕೂಗಿ, ಗುರುತು ಹಾಕಿದ ಗುರುಗಳು ಈ ಶಾಲೆಯವರು. ಈ ಕೆಲಸ ಹೇಗೆ ಮಾಡಬೇಕೆಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ.